ಹೂಂ ತರದ ಗಿಣಿ

ಬಾ, ಈ ಕಡೆ ಹೊರಳಿಕೋ. ಆ ಫೋನು ತಲೆದಿಂಬಿನ ಕೆಳಗೆ ಬೇಡ, ಗೂಡಲ್ಲಿಡು. ಅಮ್ಮನ ಮುಖ ಅರ್ಧಕ್ಕೇ ನಿಂತೋಯ್ತು ಅಂತ ಎಷ್ಟೊತ್ತು ಅಳ್ತೀಯೇ ಭುವಿ? ನಿಮ್ಮಮ್ಮ ಎಲ್ಲೂ ಓಡಿಹೋಗಿಲ್ಲ. ಬಸ್ ಕಂಡಕ್ಟರ್ ಆದಮೇಲೆ ಆಗಾಗ ದೂರದ ಊರಲ್ಲಿ ರಾತ್ರಿ ಹಾಲ್ಟು ಇದ್ದದ್ದೇ, ಬೆಳಿಗ್ಗೆ ಅದೇ ಬಸ್ಸಲ್ಲಿ ವಾಪಸ್ ಬರ್ತಾಳೆ. ವಿಡಿಯೋ ಕಾಲಲ್ಲಿ ಏನೋ ಹೇಳೋಕೆ ಬಾಯಿ ತೆಗೆದ್ಲು, ಹಂಗೇ ಬೊಂಬೆ ಥರ ನಿಂತ್ಲು, ಆಮೇಲೆ ಮುಖ ಚೂರುಚೂರಾಯ್ತು, ಆಮೇಲೆ ಹೋಯ್ತು. ಯಾಕೆ ಹಂಗಾಯ್ತು, ಅಮ್ಮ ಅಷ್ಟು ಚಿಕ್ಕ ಫೋನೊಳಗೆ ಹೆಂಗೆ ಬರ್ತಾಳೆ, ಇಂಟರ್ನೆಟ್ಟು ಅಂದ್ರೆ ಏನು, ಇದೇ ತಾನೆ ನಿನ್ನ ಪ್ರಶ್ನೆ? ಹೇಳ್ತೀನಿ ಬಾ. ಆ ಗೋಡೆ ಮೇಲೆ ವೈಫೈ ಡಬ್ಬಿ ಹಾಕೋಕೆ ಒಬ್ಬಳು ಹುಡುಗಿ ಬಂದಿದ್ಲಲ್ಲ, ಅವಳಿಗೆ ಕಾಫಿ ಕೊಟ್ಟು ಕೂರಿಸಿ, ತಲೆ ತಿಂದು ಎಲ್ಲಾ ಕೇಳ್ಕೊಂಡಿದ್ದೀನಿ. ಆದ್ರೆ ನಾನು ಕತೆ ಮಾಡೇ ಹೇಳೋದು, ಬೇರೆ ಥರ ನಂಗೆ ಬರಲ್ಲ. ಮತ್ತೆ ನೀನು ಹೂಂಗುಟ್ಟಬೇಕು. ಹೂಂ ಅನ್ನದಿದ್ರೆ ನಾನು ಮುಂದಕ್ಕೆ ಹೋಗಲ್ಲ. ದೀಪ ಆರಿಸಿದ ಮೇಲೆ ನೀನು ಎದ್ದಿದ್ದೀಯೋ ಮಲಗಿದ್ದೀಯೋ ನಂಗೆ ಹೆಂಗೆ ಗೊತ್ತಾಗ್ಬೇಕು? ಹಾಂ, ಹಂಗೆ.

ಒಂದಾನೊಂದು ಕಾಲದಲ್ಲಿ, ಕಂಬ ಇಲ್ಲ ತಂತಿ ಇಲ್ಲ ಅನ್ನೋ ಕಾಲದಲ್ಲಿ, ಬೋರವ್ವ ಅಂತ ಒಬ್ಬಳು ಮುದುಕಿ ಇದ್ಲಂತೆ. ಅವಳಿಗೆ ಮುದ್ದಕ್ಕ ಅಂತ ಒಬ್ಬಳೇ ಮಗಳು. ಮಗಳನ್ನ ಮೂರು ಗುಡ್ಡದ ಆಚೆ, ಹೊಳೆ ದಾಟಿ ಹೋಗೋ ಊರಿಗೆ ಕೊಟ್ಟಿದ್ಲಂತೆ. ಮುದ್ದಕ್ಕ ಚಿಕ್ಕವಳಿದ್ದಾಗ ಬೋರವ್ವ ದಿನಾ ರಾತ್ರಿ ಕರಿ ಮರಿ ಕತೆ ಹೇಳಿ ಮಲಗಿಸ್ತಿದ್ಲಂತೆ. ಕರಿ ಮರಿ ಅಂದ್ರೆ ಒಂದು ಆಡಿನ ಮರಿ. ಸಂಜೆ ಮಂದೆ ಮನೆಗೆ ಬರೋವಾಗ ಅದು ಚಿಟ್ಟೆ ಹಿಂದೆ ಹೋಗಿ ಅವ್ವನ್ನ ತಪ್ಪಿಸ್ಕೊಂಡುಬಿಡುತ್ತೆ. ಆಮೇಲೆ ಅವ್ವಾ ಅವ್ವಾ ಅಂತ ಓಡ್ತಾ ಬಾವಿ ಹತ್ತಿರ ಹೋಗಿ ಕೇಳುತ್ತೆ, ನಮ್ಮವ್ವನ್ನ ಕಂಡ್ಯಾ ಅಂತ. ಬಾವಿ ಅದರ ಮಾತನ್ನೇ ಅದಕ್ಕೆ ತಿರುಗಿಸಿ ಕೊಡುತ್ತೆ. ಆಮೇಲೆ ಹುತ್ತದ ಹತ್ತಿರ ಹೋಗಿ ಕೇಳುತ್ತೆ, ಹುತ್ತ ಮಾತೇ ಆಡಲ್ಲ. ಆಮೇಲೆ ಹುಲ್ಲಿನ ಬಣವೆ ಹತ್ತಿರ ಹೋಗಿ ಕೇಳುತ್ತೆ. ಬಣವೆ ಹೇಳುತ್ತೆ, ಅಯ್ಯೋ ಮರಿಯೇ, ಓಡ್ಬೇಡ, ಒಂದು ಗಳಿಗೆ ನಿಂತ್ಕೊಂಡು ಕೂಗು ಅಂತ. ಮರಿ ನಿಂತ್ಕೊಂಡು ಕೂಗುತ್ತೆ.

ಆಮೇಲೆ? ಅದೇ ತಾನೆ ತಮಾಷೆ! ಮುದ್ದಕ್ಕ ದಿನಾ ಬಣವೆ ಹತ್ತಿರ ಬರೋ ಹೊತ್ತಿಗೆ ಮಲಗಿಬಿಡ್ತಿದ್ಲಂತೆ. ಹೂಂ ನಿಂತುಹೋದ್ರೆ ಬೋರವ್ವ ಕತೆ ನಿಲ್ಲಿಸಿ, ಕಂಬಳಿ ಹೊದಿಸಿ, ತಾನೂ ಮಲಗ್ತಿದ್ಲಂತೆ. ಹಂಗಾಗಿ ಆ ಕತೆಯ ಕೊನೆ ಮುದ್ದಕ್ಕನ ಕಿವಿಗೆ ಒಂದು ದಿನಾನೂ ಬೀಳಲಿಲ್ಲ.

ಆಮೇಲೆ ಮುದ್ದಕ್ಕಂಗೆ ಮದುವೆ ಆಯ್ತು, ಚೆನ್ನಿ ಅಂತ ಒಂದು ಹೆಣ್ಣು ಮಗು ಆಯ್ತು, ಆ ಮಗು ನಿನ್ನಷ್ಟುದ್ದ ಆಯ್ತು. ಒಂದಿನ ಅಮ್ಮ ಆದವಳು ಮಗಳಿಗೆ ಅದೇ ಕರಿ ಮರಿ ಕತೆ ಹೇಳೋಕೆ ಕೂತ್ಲಂತೆ. ಬಾವಿ ಆಯ್ತು, ಹುತ್ತ ಆಯ್ತು, ಬಣವೆ ಆಯ್ತು. ಚೆನ್ನಿ ಮಲಗೋ ಮಗು ಅಲ್ಲ, ಕಣ್ಣು ಬಿಟ್ಕೊಂಡು ಕೂತಿದೆ. ಆಮೇಲೆ ಅಂತು. ಮುದ್ದಕ್ಕ ತಡಬಡಾಯಿಸಿದ್ಲು. ಆಮೇಲೆ ಏನು ಅಂತ ಅವಳಿಗೇ ಗೊತ್ತಿಲ್ಲವಲ್ಲ! ಅವ್ವ ಸಿಕ್ಕಿದ್ಲು, ಮಲಗು ಅಂದ್ಲಂತೆ. ಮಗು ಅವಳ ಮುಖಾನೇ ನೋಡಿ, ಸುಳ್ಳು ಹೇಳ್ತಿದ್ದೀಯ, ನಿಂಗೆ ಗೊತ್ತಿಲ್ಲ, ಮರಿ ಇನ್ನೂ ಅಲ್ಲೇ ನಿಂತಿದೆ, ಅದರ ಅವ್ವ ಬರಲೇ ಇಲ್ಲ ಅಂತ ಬಿಕ್ಕಿಬಿಕ್ಕಿ ಅತ್ತಿತಂತೆ. ಆವತ್ತಿಂದ ಚೆನ್ನಿ ನಿದ್ದೆ ಮಾಡಲಿಲ್ಲ. ರಾತ್ರಿಯೆಲ್ಲಾ ಬಾಗಿಲು ನೋಡ್ಕೊಂಡು ಕೂರೋದು, ಬೆಳಿಗ್ಗೆ ತೂಕಡಿಸೋದು, ತುತ್ತು ಬಾಯಿಗಿಟ್ರೆ ಉಗಿಯೋದು. ಮಗು ಸೊರಗಿ ಸೊರಗಿ ಕಡ್ಡಿ ಆಗೋಯ್ತಂತೆ. ಆ ಊರಿನ ಸೂಲಗಿತ್ತಿ ನಾಡಿ ಹಿಡಿದು ನೋಡಿ, ಈ ಮಗು ಬೇಗ ಕಣ್ಣು ಮುಚ್ಚಿ ಮಲಗದಿದ್ರೆ ಉಳಿಯೋದು ಕಷ್ಟ ಅಂದುಬಿಟ್ಲಂತೆ.

ಈ ಸುದ್ದೀನ ಒಬ್ಬ ಉಪ್ಪು ಮಾರೋನು ಬೋರವ್ವಂಗೆ ಮುಟ್ಟಿಸಿದ. ಮಗೂಗೆ ಅಜ್ಜಿ ಹೇಳೋ ಆ ಕತೆ ಪೂರ್ತಿ ಬೇಕಂತೆ ಅಂದ. ಬೋರವ್ವ ಕೋಲು ತಗೊಂಡು ಎದ್ಲು. ತಾನೇ ಹೊರಟುಬಿಡೋಣ ಅಂದ್ರೆ ಮೊಣಕಾಲು ಹಿಡ್ಕೊಂಡು ಹಿತ್ತಲಿಗೆ ಹೋಗೋದೇ ಕಷ್ಟ ಆಗಿತ್ತು. ಕತೇನ ಹೆಂಗಾದ್ರೂ ಕಳಿಸಲೇಬೇಕು, ಮೊಮ್ಮಗು ಉಳೀಬೇಕು ಅಂತ ಒದ್ದಾಡಿದ್ಲಂತೆ.

ಅವಳಿಗೊಬ್ಬ ತಮ್ಮ ಇದ್ದ, ದೊಡ್ಡಯ್ಯ ಅಂತ. ಆಳೂ ಆನೆಯಂಗಿದ್ದ, ಜಂಬಾನೂ ಹಂಗೇ ಇತ್ತು. ಅಷ್ಟಕ್ಕೆಲ್ಲ ಯಾಕಕ್ಕ ಅಳ್ತೀಯ, ಇಡೀ ಕತೆ ನಂಗೆ ಹೇಳು, ಬಾಯಲ್ಲಿ ತುಂಬ್ಕೊಂಡು ಹೋಗಿ ಅಲ್ಲಿ ಸುರೀತೀನಿ ಅಂದ. ಬೋರವ್ವ ಹೇಳಿದ್ಲು. ಅವನು ಎಲೆಅಡಿಕೆ ಹಾಕ್ಕೊಂಡೋರ ಥರ ಕೆನ್ನೆ ಉಬ್ಬಿಸ್ಕೊಂಡು, ಒಂದು ಮಾತೂ ಚೆಲ್ಲಬಾರದು ಅಂತ ತುಟಿ ಬಿಗಿದು ಹೊರಟ. ದಾರೀಲಿ ಯಾರು ಮಾತಾಡಿಸಿದ್ರೂ ಬರೀ ತಲೆ ಆಡಿಸೋದು. ಹೊಳೆ ಹತ್ತಿರ ಬಂದ. ಅಂಬಿಗ ಕೇಳಿದ, ಎಲ್ಲಿಗೆ ಸ್ವಾಮಿ ಅಂತ. ಇವನು ತಲೆ ಆಡಿಸಿದ. ಎಲ್ಲಿಗೆ ಅಂತ ಹೇಳದಿದ್ರೆ ದೋಣಿ ಬಿಡಲ್ಲ ಅಂದ ಅಂಬಿಗ. ದೊಡ್ಡಯ್ಯಂಗೆ ಸಿಟ್ಟು ನೆತ್ತಿಗೇರಿ, ಆಚೆ ದಡಕ್ಕೆ ಕಣಯ್ಯಾ ಅಂತ ಬಾಯಿ ಬಿಟ್ಟ. ಅಷ್ಟೇ! ಮರಿ, ಬಾವಿ, ಹುತ್ತ, ಬಣವೆ ಎಲ್ಲಾ ಬುಳುಬುಳು ಅಂತ ಹೊಳೆಗೆ ಬಿದ್ದು ಕೊಚ್ಚಿಕೊಂಡು ಹೋಯ್ತಂತೆ. ಒಂದು ಮಾತೂ ಉಳೀಲಿಲ್ಲ. ನಗ್ತೀಯಾ? ನಗು ನಗು. ಬೋರವ್ವಂಗೆ ನಗು ಬರಲಿಲ್ಲ ಪಾಪ. ಇಡೀ ಕತೇನ ಒಬ್ಬನ ಕೈಲಿ ಒಂದೇ ದಾರೀಲಿ ಕಳಿಸಿದ್ರೆ, ಎಡವಿದಾಗ ಎಲ್ಲಾ ಹೋಗುತ್ತೆ ಅಂತ ಅವಳಿಗೆ ಆವಾಗ ಗೊತ್ತಾಯ್ತು.

ಆಮೇಲೆ ಅವಳು ಜಗಲಿ ಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾಗ, ಮನೆ ಮುಂದಿನ ಬೇವಿನ ಮರದಿಂದ ಗಿಣಿಗಳು ಇಳಿದು ಬಂದ್ವಂತೆ. ಬೋರವ್ವ ಜೋಳದ ಹೊಲದಲ್ಲಿ ಗಿಣಿ ಕೂತ್ರೆ ಕವಣೆ ಬೀಸ್ತಿರಲಿಲ್ಲ, ತಿನ್ನಲಿ ಬಿಡು ಅಂತಿದ್ಲು. ಆ ಋಣ ಅವಕ್ಕೆ. ಗಿಣಿಗಳ ಹಿರಿಯ ಹೇಳ್ತು, ಬೋರವ್ವ, ನಮ್ಮ ಬಾಯಿಗೆ ಒಂದು ಮಾತು ಹಾಕಿದ್ರೆ ಒಂದು ಮಾತು ಸರಿಯಾಗಿ ಒಪ್ಪಿಸ್ತೀವಿ, ಎರಡು ಹಾಕಿದ್ರೆ ಕಲಸಿಬಿಡ್ತೀವಿ. ಆ ಮಾತಿನ ಅರ್ಥ ಮಾತ್ರ ನಮ್ಮನ್ನ ಕೇಳ್ಬೇಡ, ನಾವು ಬರೀ ಹೊರೋರು ಅಂತು. ಬೋರವ್ವಂಗೆ ಜೀವ ಬಂದಂಗಾಯ್ತು. ಕತೇನ ತುಂಡುತುಂಡು ಮಾಡಿ, ಒಂದೊಂದು ಗಿಣಿಗೆ ಒಂದೊಂದು ಮಾತು ಕಲಿಸಿ, ಮುದ್ದಕ್ಕನ ಮನೆಗೆ ಹೋಗ್ರವ್ವ ಅಂತ ಹಾರಿಸಿದ್ಲಂತೆ.

ಹೂಂ ಅನ್ನೇ. ಹಾಂ. ನಿನ್ನ ಫೋನಲ್ಲೂ ಹಿಂಗೇ ಕಣೇ. ಅಮ್ಮನ ಮುಖ ಇಡೀಯಾಗಿ ಬರಲ್ಲ. ಹುಬ್ಬು ಒಂದು ಗಿಣಿ, ಮೂಗುಬೊಟ್ಟು ಒಂದು ಗಿಣಿ, ಭುವೀ ಅನ್ನೋ ಕೂಗು ಇನ್ನೊಂದು ಗಿಣಿ. ತುಂಡಾಗಿ ಹೊರಟು, ಇಲ್ಲಿ ಬಂದು ಸೇರ್ಕೊಂಡು ಅಮ್ಮ ಆಗುತ್ತೆ.

ಆದ್ರೆ ಬೋರವ್ವ ಅವಸರದಲ್ಲಿ ಎಡವಟ್ಟು ಮಾಡಿದ್ಲು. ಮುದ್ದಕ್ಕನ ಮನೆ ಅಂದ್ಲೇ ಹೊರತು ಯಾವ ಮುದ್ದಕ್ಕ ಅಂತ ಹೇಳಲಿಲ್ಲ. ಲೋಕದಲ್ಲಿ ಒಬ್ಬಳೇ ಮುದ್ದಕ್ಕನಾ? ಕೆಲವು ಗಿಣಿ ಹೋಗಿ ಯಾರೋ ಮೀನು ಮಾರೋ ಮುದ್ದಕ್ಕನ ತಲೆ ಮೇಲೆ ಕೂತು ನಮ್ಮವ್ವನ್ನ ಕಂಡ್ಯಾ ಅಂದ್ವಂತೆ. ಅವಳು ಗಾಬರಿ ಬಿದ್ದು ಮೀನಿನ ಬುಟ್ಟೀನೇ ಅವುಗಳ ಮೇಲೆ ಎಸೆದ್ಲು. ಇನ್ನು ಕೆಲವು ಹೆಂಗೋ ನಮ್ಮ ಮುದ್ದಕ್ಕನ ಮನೆ ಹುಡುಕ್ಕೊಂಡು ಹೋದ್ವು. ಆದ್ರೆ ಒಂದು ಗುಡ್ಡದ ಮೇಲಿಂದ, ಒಂದು ಬಯಲು ದಾರೀಲಿ, ಒಂದು ಕಾಡು ಸುತ್ಕೊಂಡು ಹೋಗಿದ್ವಲ್ಲ, ಹಿಂದಿಂದು ಮುಂದಾಗಿ ಮುಂದಿಂದು ಹಿಂದಾಗಿ ಮುಟ್ಟಿದ್ವಂತೆ. ಒಂದು ಬಂದು ಬಣವೆ ಮಾತಾಡ್ತು ಅಂತು, ಇನ್ನೊಂದು ಬಂದು ಚಿಟ್ಟೆ ಬಂತು ಅಂತು, ಮತ್ತೊಂದು ಒಂದಾನೊಂದು ಕಾಲದಲ್ಲಿ ಅಂತು. ಚೆನ್ನಿಗೆ ತಲೆ ಚಿಟ್ಟು ಹಿಡಿದು, ಇದ್ದಬದ್ದ ನಿದ್ದೆಯೂ ಹಾರಿಹೋಯ್ತಂತೆ.

ವಾಪಸ್ ಬಂದ ಗಿಣಿಗಳು ಇದನ್ನೆಲ್ಲ ಹೇಳಿದ್ವು. ಬೋರವ್ವ ಈ ಸಲ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲು ಊರ್ಕೊಂಡು ಊರಬಾಗಿಲ ಹುಣಸೇ ಮರದ ಹತ್ತಿರ ಹೋದ್ಲಂತೆ. ಅಲ್ಲಿ ಹೆಸರಜ್ಜಿ ಅಂತ ಒಬ್ಬಳು ಇದ್ಲು. ಅವಳು ಯಾರ ಸಾಮಾನೂ ಹೊರೋಳಲ್ಲ, ಯಾರ ಮನೆಗೂ ಹೋಗೋಳಲ್ಲ. ಅವಳ ಕೆಲಸ ಒಂದೇ. ನೀನು ಹೆಸರು ಹೇಳಿದ್ರೆ ಅವಳು ಜಾಗ ಹೇಳ್ತಾಳೆ. ಬೋರವ್ವನ ಮಗಳು ಮುದ್ದಕ್ಕ ಅಂದ ತಕ್ಷಣ ಎಲೆಅಡಿಕೆ ಉಗಿದು, ಮೂಡಲ ಸೀಮೆ, ಕೆಂಪು ಗುಡ್ಡದ ಹಿಂದಿನ ಊರು, ನೇರಳೆ ಮರದ ಬೀದಿ, ಮೂಲೆ ಮನೆ ಅಂದ್ಲಂತೆ. ನಿನ್ನ ಫೋನಿಗೂ ಬರೀ ಹೆಸರಿಂದ ಜಾಗ ಗೊತ್ತಾಗಲ್ಲ ಭುವಿ. ನೀನು ಬೊಂಬೆ ಸಿನಿಮಾ ನೋಡೋಕೆ ಯಾವುದೋ ಹೆಸರು ಒತ್ತುತೀಯಲ್ಲ, ಅದು ಮೊದಲು ಹೋಗಿ ಒಬ್ಬಳು ಹೆಸರಜ್ಜಿನ ಕೇಳುತ್ತೆ. ಅವಳು ಇಂಥಾ ನಂಬರ್ ಮನೆ ಅಂತ ಹೇಳ್ತಾಳೆ. ಆಮೇಲೇ ಮುಂದಿನ ಕೆಲಸ.

ಬೋರವ್ವ ಮನೆಗೆ ಬಂದು, ಒಂದೊಂದು ಗಿಣಿಯ ಬಲಗಾಲಿಗೆ ಹೋಗಬೇಕಾದ ಮನೆ ಗುರುತಿನ ಬಣ್ಣದ ದಾರ ಕಟ್ಟಿದ್ಲು. ಎಡಗಾಲಿಗೆ ತನ್ನ ಮನೆ ಗುರುತಿನ ದಾರ, ವಾಪಸ್ ಬರೋಕೆ. ಕೊರಳಿಗೆ ಗಂಟಿನ ದಾರ. ಮೊದಲನೇ ಮಾತಿನ ಗಿಣಿಗೆ ಒಂದು ಗಂಟು, ಎರಡನೇದಕ್ಕೆ ಎರಡು ಗಂಟು, ಹಂಗೇ ಮುಂದಕ್ಕೆ. ಕೊನೇ ಗಿಣಿಗೆ ಮಾತ್ರ ಗಂಟಿನ ಜೊತೆಗೆ ಒಂದು ಗೆಜ್ಜೆ, ಇಲ್ಲಿಗೆ ಮುಗೀತು ಅಂತ. ಆಮೇಲೆ ಏನು ಹೇಳಿದ್ಲು ಗೊತ್ತಾ? ನನ್ನ ಮಗಳು ಕತೆ ಕೇಳೋವಾಗ ಹೂಂಗುಟ್ಟುತಿದ್ಲು. ಮಾತು ಒಪ್ಪಿಸಿದ ಮೇಲೆ ಅವಳ ಹತ್ತಿರ ಒಂದು ಹೂಂ ಇಸ್ಕೊಂಡು ಬಂದು ನಂಗೆ ಕೊಡ್ಬೇಕು. ಯಾವ ಗಿಣಿ ಹೂಂ ತರಲ್ವೋ, ಅದರ ಮಾತು ಮುಟ್ಟಿಲ್ಲ ಅಂತ ತಿಳ್ಕೋತೀನಿ ಅಂದ್ಲಂತೆ.

ಗಿಣಿಗಳು ಹಾರಿದ್ವು. ದಾರೀಲಿ ಅಲ್ಲಲ್ಲಿ ಅರಳಿಕಟ್ಟೆ, ಒಂದೊಂದು ಕಟ್ಟೇಲೂ ಒಬ್ಬೊಬ್ಬ ಕಟ್ಟೆತಾತ. ಗಿಣಿ ಹೋಗಿ ಕೂತ್ರೆ ಕಾಲಿನ ದಾರ ನೋಡೋನು. ಮುದ್ದಕ್ಕನ ಮನೆ ನಾನು ಕಂಡಿಲ್ಲ ಕಣವ್ವ, ಆದ್ರೆ ಈ ದಾರದವರು ಆ ದಿಕ್ಕಿಗೆ ಹೋಗ್ಬೇಕು, ಮುಂದಿನ ಕಟ್ಟೇಲಿ ಕೇಳು ಅನ್ನೋನು. ಯಾವ ತಾತಂಗೂ ಪೂರ್ತಿ ದಾರಿ ಗೊತ್ತಿಲ್ಲ, ಮುಂದಿನ ಕಟ್ಟೆ ಒಂದು ಗೊತ್ತು. ಅಷ್ಟು ಸಾಕು! ಒಂದು ಕಡೆ ಗಿಡುಗ ಕೂತಿದೆ ಅಂದ್ರೆ, ಈ ಕಡೆ ಬೇಡ, ಆ ಕಡೆಯಿಂದ ಸುತ್ಕೊಂಡು ಹೋಗು ಅನ್ನೋನು. ನಮ್ಮ ಗೋಡೆ ಮೇಲೆ ಮಿಣಿಮಿಣಿ ಅನ್ನುತ್ತಲ್ಲ ಡಬ್ಬಿ, ಅದೇ ನಮ್ಮ ಮನೆ ಕಟ್ಟೆತಾತ. ಫೋನಿಂದ ಅಲ್ಲೀವರೆಗೆ ಗಾಳೀಲಿ ಹೋಗುತ್ತಂತೆ. ಅಲ್ಲಿಂದ ಆಚೆಗೆ ಕೂದಲಷ್ಟು ಸಣ್ಣ ಗಾಜಿನ ಎಳೆ, ನೆಲದೊಳಗೆ, ಸಮುದ್ರದ ತಳದಲ್ಲೂ ಮಲಗಿಸಿದ್ದಾರಂತೆ, ಅದರೊಳಗೆ ಬೆಳಕಾಗಿ ಓಡುತ್ತಂತೆ. ನಾನು ಆಕಾಶದಲ್ಲೇ ಎಲ್ಲಾ ಹಾರಾಡುತ್ತೆ ಅಂದ್ಕೊಂಡಿದ್ದೆ. ಆ ಹುಡುಗಿ ನಕ್ಕುಬಿಟ್ಲು.

ಹೂಂ? ಎಲ್ಲಿ, ಇನ್ನೊಂದ್ಸಲ ಅನ್ನು. ಹಾಂ.

ಆಮೇಲೆ ಬೋರವ್ವನ ಜಗಲಿಗೆ ಗಿಣಿಗಳು ವಾಪಸ್ ಬರೋಕೆ ಶುರುವಾದ್ವಂತೆ. ಒಂದು ಬಂದು ಹೂಂ ಅಂತು, ಇನ್ನೊಂದು ಬಂದು ಹೂಂ ಅಂತು. ಎಷ್ಟೋ ವರ್ಷದ ಮೇಲೆ ಮಗಳು ಪಕ್ಕದಲ್ಲೇ ಮಲಗಿ ಹೂಂಗುಟ್ಟಿದಂಗಾಗಿ ಮುದುಕಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಬಂದ ಗಿಣಿಗಳ ಕೊರಳು ನೋಡಿ ನೋಡಿ ಮರದ ಮೇಲೆ ಕೂರಿಸಿದ್ಲು. ಗೆಜ್ಜೆ ಗಿಣಿ ಬಂದಿರಲಿಲ್ಲ. ಅದಕ್ಕಿಂತ ಒಂದು ಗಂಟು ಕಡಿಮೆ ಇದ್ದದ್ದೂ ಬಂದಿರಲಿಲ್ಲ. ಮಿಕ್ಕಿದ್ದೆಲ್ಲಾ ಬಂದಿದ್ವು.

ಆ ಕಡೆ ಮುದ್ದಕ್ಕನ ಮನೇಲಿ ಏನಾಗಿತ್ತು ಕೇಳು. ಗಿಣಿಗಳು ಹಿಂದುಮುಂದಾಗೇ ಬಂದಿದ್ವು, ಆದ್ರೆ ಈ ಸಲ ಮುದ್ದಕ್ಕ ಗಂಟು ನೋಡಿ ಸಾಲಾಗಿ ಕೂರಿಸಿ ಒಂದೊಂದನ್ನೇ ಮಾತಾಡಿಸಿದ್ಲು. ಚೆನ್ನಿ ಅಮ್ಮನ ತೊಡೆ ಮೇಲೆ ಕೂತು ಕೇಳ್ತು. ಬಾವಿ ಆಯ್ತು, ಹುತ್ತ ಆಯ್ತು, ಬಣವೆ ಆಯ್ತು, ಮರಿ ನಿಂತ್ಕೊಂಡು ಅವ್ವಾ ಅಂತ ಕೂಗ್ತು. ಮುಂದಿನ ಗಿಣಿ ಅಂತ ಕೈ ಚಾಚಿದ್ರೆ ಗೆಜ್ಜೆ ಗಿಣಿ. ಗಂಟು ಎಣಿಸಿದ್ಲು. ನಡುವೆ ಒಂದು ಇಲ್ಲ! ಗೆಜ್ಜೆ ಗಿಣಿ ಆಗಲೇ ಬಾಯಿ ತೆಗೆದಿತ್ತು. ಮುದ್ದಕ್ಕ ಗಬಕ್ಕನೆ ಅದರ ಮೇಲೆ ಬುಟ್ಟಿ ಕವುಚಿದ್ಲಂತೆ. ತಡಿ ಮಾರಾಯ್ತಿ, ನಿನ್ನ ಮುಂಚಿನೋಳು ಬರಲಿ ಅಂತ. ಚೆನ್ನಿ ಆಮೇಲೆ ಆಮೇಲೆ ಅಂತ ಅಮ್ಮನ ಸೆರಗು ಜಗ್ಗಿತು. ಮಗೂಗೆ ಮೈ ಸುಡ್ತಿತ್ತು. ಮುದ್ದಕ್ಕ ಬಾಗಿಲಿಗೆ ಹೋಗೋದು, ಆಕಾಶ ನೋಡೋದು, ಒಳಗೆ ಬರೋದು.

ಆ ಗಿಣಿ ಎಲ್ಲಿತ್ತು ಗೊತ್ತಾ? ದಾರೀಲಿ ಒಂದು ಸೀಬೆ ತೋಟ ಸಿಕ್ಕಿತ್ತು. ಕೆಂಪು ತಿರುಳಿನ ಸೀಬೆ ಹಣ್ಣು. ಒಂದು ಕಚ್ಚಿ ಹೋಗೋಣ ಅಂತ ಕೂತಿದ್ದು, ಹೊಟ್ಟೆ ಬಿರಿಯೋ ಹಂಗೆ ತಿಂದು, ಅಲ್ಲೇ ಕೊಂಬೆ ಮೇಲೆ ತೂಕಡಿಸ್ತಿತ್ತಂತೆ, ಕಳ್ಳಿ!

ಬೋರವ್ವಂಗೆ ಇದೆಲ್ಲ ಏನು ಗೊತ್ತು? ಅವಳಿಗೆ ಗೊತ್ತಿದ್ದದ್ದು ಒಂದೇ, ಆ ಗಂಟಿನ ಹೂಂ ಬಂದಿಲ್ಲ, ಅದು ಮುಟ್ಟದೆ ಗೆಜ್ಜೆ ಗಿಣಿಯ ಸರದಿಯೂ ಬರಲ್ಲ. ಕಾದ್ಲು, ಕಾದ್ಲು, ಇನ್ನು ಕಾಯೋಕಾಗಲ್ಲ ಅಂದ್ಲು. ಕಳಿಸಿದ ಮಾತು ಅವಳ ಹತ್ತಿರಾನೂ ಇತ್ತಲ್ಲ, ಮಾತೇನು ಬೆಲ್ಲವೇ, ಕೊಟ್ರೆ ಖಾಲಿ ಆಗೋಕೆ? ಇನ್ನೊಂದು ಗಿಣಿಗೆ ಅದೇ ಮಾತು ಕಲಿಸಿ, ಅದೇ ಗಂಟು ಹಾಕಿ, ಈ ಸಲ ಆ ದಾರಿ ಬೇಡ, ಹೊಳೆ ದಂಡೆ ಹಿಡ್ಕೊಂಡು ಹೋಗು ಅಂತ ಹಾರಿಸಿದ್ಲಂತೆ.

ಫೋನಲ್ಲೂ ಹಂಗೇನಾ ಅಂತೀಯಾ? ಹೂಂ, ಹಂಗೇ. ಫೋಟೋ ಆಗ್ಲಿ, ಬರೆದ ಮಾತಾಗ್ಲಿ, ಮೈಕು ಒತ್ತಿ ಹೇಳಿ ಕಳಿಸಿದ ಮಾತಾಗ್ಲಿ, ಒಂದು ತುಂಡು ಮುಟ್ಟದಿದ್ರೆ ತಿರುಗ ಕಳಿಸುತ್ತೆ, ತಡ ಆದ್ರೂ ಪೂರ್ತಿ ಬರುತ್ತೆ. ಮುಖ ನೋಡ್ಕೊಂಡು ಮಾತಾಡೋವಾಗ ಮಾತ್ರ ಹಿಂದೆ ಬಿದ್ದ ಗಿಣಿಗೆ ಕಾಯೋಕೆ ಆಗಲ್ಲ, ಅಷ್ಟೊತ್ತಿಗೆ ಮಾತು ಮುಂದೆ ಹೋಗಿರುತ್ತೆ. ಅದಕ್ಕೇ ಅಮ್ಮನ ಮುಖ ಚೂರುಚೂರಾಗಿದ್ದು. ಚೂರಾಗಿದ್ದು ಅಮ್ಮ ಅಲ್ಲ ಕಂದ, ಗಿಣಿಗಳು ದಾರೀಲಿ ಸಿಕ್ಕಾಕ್ಕೊಂಡಿದ್ದು ಅಷ್ಟೇ. ಅಮ್ಮ ಅಲ್ಲಿ ಚೆನ್ನಾಗೇ ಇದ್ದಾಳೆ.

ಆಮೇಲೆ ಆ ಹೊಸ ಗಿಣಿ ಹೊಳೆ ದಂಡೆ ಹಿಡಿದು, ಕಟ್ಟೆ ಕಟ್ಟೆ ದಾಟಿ, ಮುದ್ದಕ್ಕನ ಹೊಸಿಲ ಮೇಲೆ ಬಂದು ಕೂತು, ಆ ಮಾತು ಹೇಳಿತಂತೆ. ಚೆನ್ನಿ ಆ ಮಾತು ಕೇಳಿ, ಒಂದು ಸಲ ಅಮ್ಮನ ಮುಖ ನೋಡಿ, ದೊಡ್ಡ ಉಸಿರು ಬಿಡ್ತಂತೆ. ಬುಟ್ಟಿ ಎತ್ತಿದ್ರು, ಗೆಜ್ಜೆ ಗಿಣೀನೂ ತನ್ನ ಮಾತು ಹೇಳ್ತು. ಅದು ಮುಗಿಯೋದರೊಳಗೆ ಮಗು ಅಮ್ಮನ ತೊಡೆ ಮೇಲೇ ಮಲಗಿಬಿಟ್ಟಿತ್ತು. ಎಂಥಾ ನಿದ್ದೆ ಅಂತೀಯ! ಎದ್ದಾಗ ಜ್ವರ ಬಿಟ್ಟಿತ್ತು, ಅಮ್ಮ ಅನ್ನ ಅಂತ ಕೇಳಿತಂತೆ. ಆಮೇಲೆ ಬೆಳಗಾದ ಮೇಲೆ ಸೀಬೆ ತೋಟದ ಗಿಣಿ ತೇಗ್ತಾ ಬಂದು ಅದೇ ಮಾತು ಹೇಳ್ತು. ಮುದ್ದಕ್ಕ ಕೊರಳು ನೋಡಿ, ಈ ಗಂಟಿನ ಮಾತು ಆಗಲೇ ಬಂದಾಗಿದೆ ಕಣೇ, ತಗೋ ಮೆಣಸಿನಕಾಯಿ, ತಿಂದು ಮನೆಗೆ ಹೋಗು ಅಂದ್ಲಂತೆ.

ಆ ಮಾತು ಏನಿತ್ತು ಗೊತ್ತಾ, ಯಾವ ಮಾತು ಕೇಳಿ ಚೆನ್ನಿಗೆ ನಿದ್ದೆ ಬಂತು ಅಂತ? ಹೇಳ್ಲಾ?

ಭುವೀ? ಹೂಂ ಅನ್ನೇ.

ಆ ಮಾತು ಏನಿತ್ತು ಗೊತ್ತಾ ಅಂದೆ. ಇಲ್ಲ, ಹೂಂ ಬರಲಿಲ್ಲ. ಮಲಗಿಬಿಟ್ಲು ನೋಡು! ಥೇಟ್ ಅವರಮ್ಮನೇ. ಕೊನೆ ಒಂದು ಬಿಟ್ಟು ಎಲ್ಲಾ ಕೇಳ್ತಾರೆ. ಕಾಲು ನೋಡು ಎಷ್ಟು ತಣ್ಣಗಿದೆ, ಸ್ವಲ್ಪ ಹೊದಿಸ್ತೀನಿ.

ಗೂಡಲ್ಲಿ ಫೋನು ಮಿನುಗ್ತಿದೆ. ಇವಳಮ್ಮ ಪುಷ್ಪಿ ಕಳಿಸಿದ್ದಾಳೆ, ಅಂತೂ ಸಿಗ್ನಲ್ಲು ಸಿಕ್ತೇನೋ. ಏನಂತೆ? ಅಮ್ಮಾ, ಭುವಿ ಮಲಗಿದ್ಲಾ, ತುಂಬಾ ಅತ್ಲಾ, ನಂಗಿಲ್ಲಿ ನಿದ್ದೆ ಬರ್ತಿಲ್ಲಮ್ಮ, ಅವಳ ಅಳು ಮುಖಾನೇ ಕಣ್ಣ ಮುಂದಿದೆ ಅಂತ. ಅಯ್ಯೋ ನನ್ನ ತಾಯಿ. ಈ ಮೈಕು ಎಲ್ಲಿ ಒತ್ತಬೇಕು? ಹಾಂ, ಇಲ್ಲಿ.

ಹೂಂ ಪುಷ್ಪಿ, ಮಲಗಿದ್ಲು ಕಣವ್ವ. ಈಗ ಅಳು ಇಲ್ಲ. ಕರಿ ಮರಿ ಕತೆ ಹೇಳ್ತಿದ್ದೆ. ನೀನೂ ಒಂದು ದಿನಾನೂ ಕೊನೆ ಕೇಳಿದೋಳಲ್ಲ, ಬಣವೆ ಹತ್ತಿರ ಬಂದ್ರೆ ಸಾಕು ಗೊರಕೆ ಹೊಡೀತಿದ್ದೆ. ಈಗ ಕೇಳು. ಮರಿ ನಿಂತ್ಕೊಂಡು ಅವ್ವಾ ಅಂತ ಕೂಗ್ತಲ್ಲ, ಆಗ ಕತ್ತಲೊಳಗಿಂದ ಅದರ ಅವ್ವ ಅಂತಂತೆ, ಹೂಂ ಮಗಾ, ಇಲ್ಲೇ ಇದ್ದೀನಿ. ನೀನು ಕೂಗಿದಾಗೆಲ್ಲ ನಾನು ಹೂಂ ಅಂತಾನೇ ಇದ್ದೆ, ನೀನು ಓಡ್ತಿದ್ಯಲ್ಲ, ನಿಂಗೆ ಕೇಳಿಸಲಿಲ್ಲ. ಆಮೇಲೆ ಮರಿ ಅವ್ವನ ಹೊಟ್ಟೆಗೆ ಒತ್ಕೊಂಡು ಮಲ್ಕೊಂತಂತೆ. ಅಷ್ಟೇ ಕಣೇ ಕತೆ. ನೀನೂ ಮಲಗು.

ಬೆರಳು ಬಿಟ್ಟೆ, ಹೋಯ್ತು. ಒಂದು ಗೀಟು ಬಂತು. ಇನ್ನೊಂದು ಗೀಟು ಬರಬೇಕು, ಆಗ ಅವಳ ಫೋನಿಗೆ ಮುಟ್ಟಿದಂಗೆ. ಬರಲಿಲ್ಲವಲ್ಲ. ಯಾವ ಸೀಬೆ ತೋಟದಲ್ಲಿ ಕೂತ್ಯೇ ಗಿಣಿ, ನನ್ನ ಮಗಳು ಅಲ್ಲಿ ಎದ್ದು ಕೂತಿದ್ದಾಳೆ, ಬೇಗ ಹೋಗೇ. ಹಾಂ, ಬಂತು ಬಂತು, ಎರಡನೇದೂ ಬಂತು. ಈಗ ಕೇಳ್ತಿದ್ದಾಳೆ ಅನ್ಸುತ್ತೆ.

ಟಿಣ್ ಅಂತು. ಏನು ಕಳಿಸಿದ್ಲು? ಕನ್ನಡಕ ಎಲ್ಲಿ? ಬರೀ ಒಂದೇ ಮಾತು ಇದೆ.

ಹೂಂ ಅಮ್ಮ.

ಸರಿ. ಮರಿ ಅವ್ವನ ಹತ್ತಿರ ಸುಖವಾಗಿತ್ತಂತೆ, ಚೆನ್ನಿ ಮುದ್ದಕ್ಕನ ಹತ್ತಿರ ಸುಖವಾಗಿದ್ಲಂತೆ, ಪುಷ್ಪಿ ಅಲ್ಲಿ ಮಲಗಿದ್ಲು, ಭುವಿ ಇಲ್ಲಿ ಮಲಗಿದ್ಲು. ಕೊನೇ ಹೂಂ ಮನೆಗೆ ಬಂತು, ಕತೆ ಮುಗೀತು.